ಕಿವಿ ಮಿಷನ್‌ಗೆ ಕಾಯುವ ದಿನಗಳನ್ನು ನಾವು ಕಡಿಮೆ ಮಾಡಿದ್ದು ಹೀಗೆ

ತುಮಕೂರು ಜಿಲ್ಲೆಯಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಟೆಸ್ಟ್ ಮಾಡಿ ಮಿಷನ್ ಹೊಂದಿಸುವವಳು/ವವನು ಆಗಿ ಕೆಲಸ ಮಾಡುತ್ತೇನೆ. ಕಿವಿ ಮಿಷನ್ ಸಿಗುವುದು ತಡವಾದರೆ ಸ್ಟಾಕ್ ಇಲ್ಲ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಜಾಸ್ತಿ ದಿನ ಹಾಳಾಗುವುದು ಅದಕ್ಕೂ ಮೊದಲೇ.

ಪಾವಗಡದ ಕಡೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ಬರುತ್ತಾರೆ, ನೋಡಿದರೆ ಕಿವಿ ತುಂಬ ಗುಗ್ಗೆ. ಅದನ್ನು ತೆಗೆಯದೆ ಟೆಸ್ಟ್ ಮಾಡಿದರೆ ಕೇಳಿಸುವ ಲೆಕ್ಕವೇ ತಪ್ಪಾಗುತ್ತದೆ. ಗಟ್ಟಿಯಾಗಿದ್ದರೆ ಕೆಲವು ದಿನ ಹನಿ ಹಾಕಿಕೊಂಡು ಮತ್ತೆ ಬನ್ನಿ ಎನ್ನಬೇಕು. ಜೊತೆಗೆ ಬಂದ ಮಗನ ಒಂದು ದಿನದ ಕೂಲಿ ಹೋಯಿತು, ಇನ್ನೊಂದು ದಿನದ್ದೂ ಹೋಗುತ್ತದೆ. ಎಷ್ಟೋ ಜನ ತಿರುಗಿ ಬರುವುದೇ ಇಲ್ಲ. ಇದು ನನಗೆ ಬಹಳ ಸಂಕಟ ಕೊಡುತ್ತಿತ್ತು.

ಹಾಗಾಗಿ ಈ ಕೆಲಸವನ್ನು ಊರಿನ ಹತ್ತಿರಕ್ಕೇ ಒಯ್ದೆವು. ಆಶಾ ಕಾರ್ಯಕರ್ತೆಯರು ಪಟ್ಟಿ ಮಾಡಿಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಕಿವಿ ನೋಡಿ ಹನಿ ಬರೆಯುತ್ತಾರೆ. ಕಿವಿ ಸೋರುವವರಿಗೆ ಮಾತ್ರ ಹನಿ ಇಲ್ಲ, ಅವರು ನೇರ ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು.

ಕಾಗದಪತ್ರವೂ ಅಲ್ಲೇ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಮಿಷನ್ ಬೇಕಾದರೆ ಶೇ. 40ರ ಅಂಗವಿಕಲತೆ ಸರ್ಟಿಫಿಕೇಟು, ಆದಾಯದ ಪತ್ರ ಎರಡೂ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್ (ಶಬ್ದದ ಅಳತೆ) ಆದರೂ ಕೇಳಿಸುವ ನಷ್ಟವಿರಬೇಕು. ಅಷ್ಟಿಲ್ಲದ ವಯಸ್ಸಾದವರು ಸುಮ್ನೆ ಆ ಸಾಲಿನಲ್ಲಿ ನಿಂತು ಸುಸ್ತಾಗುತ್ತಿದ್ದರು. ಅರವತ್ತು ದಾಟಿದ ಬಿಪಿಎಲ್ ಕಾರ್ಡಿನವರಿಗೆ 2017ರಿಂದ ವಯಸ್ಸಾದವರಿಗೆ ಸಾಧನ ಕೊಡುವ ವಯೋಶ್ರೀ ಯೋಜನೆ ಇದೆ ಅಲ್ವಾ, ಅವರ ಹೆಸರನ್ನು ಮೊದಲೇ ಆ ಕಡೆ ಬರೆಸುತ್ತೇವೆ.

ಇನ್ನೊಂದು, ಕಿವಿಯ ಅಚ್ಚು. ನಷ್ಟ ಜಾಸ್ತಿ ಇದ್ದವರಿಗೆ ಮಿಷನ್ ಕಿವಿಯೊಳಗೆ ಸರಿಯಾಗಿ ಕೂರಲು ಅವರದೇ ಕಿವಿಯ ಅಳತೆಯ ಅಚ್ಚು ಬೇಕು, ಸಡಿಲವಾದರೆ ಮಿಷನ್ ಕುಯ್ಯೋ ಅನ್ನುತ್ತದೆ, ಸೊಸೆ ಬೈದಳು ಅಂತ ಅಜ್ಜಿ ತೆಗೆದು ಡಬ್ಬಿಗೆ ಹಾಕಿಬಿಡುತ್ತಾರೆ. ಈಗ ಟೆಸ್ಟ್ ಆದ ದಿನವೇ ಅಚ್ಚಿನ ಅಳತೆ ತೆಗೆಯುತ್ತೇವೆ. ಒಂದು ಓಡಾಟ ಉಳಿಯಿತು.

ಮಕ್ಕಳನ್ನು ಮಾತ್ರ ಈ ಸಾಲಿನಲ್ಲಿ ನಿಲ್ಲಿಸುವುದೇ ಇಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಕಿವಿ ಕೇಳಿಸುತ್ತದೋ ಇಲ್ಲವೋ ಅಂತ ಖಚಿತ, ಆರು ತಿಂಗಳೊಳಗೆ ಮಿಷನ್, ಇದು ನಮ್ಮ ಗುರಿ. ಆ ತಿಂಗಳುಗಳು ಹೋದರೆ ಮಾತು ಕಲಿಯುವ ಕಾಲವೇ ಹೋಗುತ್ತದೆ. ಮಗು ಬಂದ ದಿನ ಉಳಿದವರನ್ನು ಸ್ವಲ್ಪ ಕೂರಿಸುತ್ತೇನೆ. ಯಾಕೆ ಅಂತ ಹೇಳಿದರೆ ಯಾರೂ ಬೇಡ ಅಂದಿಲ್ಲ.