ಗುರ್ ಅಂದ ನಾಯಿಗೆ ಬೈಯಬೇಡಿ

ಊಟದ ಬಟ್ಟಲಿನ ಹತ್ತಿರ ಹೋದರೆ ಮನೆಯ ನಾಯಿ ಗುರ್ ಅನ್ನುತ್ತದೆ. ನಾವು ಗದರುತ್ತೇವೆ, ಕೆಲವರು ಒಂದೇಟು ಹಾಕುವುದೂ ಉಂಟು. ನಾಯಿ ಸುಮ್ಮನಾಗುತ್ತದೆ. ಬುದ್ಧಿ ಬಂತು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಕಲಿತದ್ದು ಇಷ್ಟೇ: ಗುರುಗುಟ್ಟಿದರೆ ಏಟು ಬೀಳುತ್ತದೆ. ಒಳಗಿನ ಭಯ ಹಾಗೇ ಇದೆ. ಮುಂದಿನ ಸಲ ಸದ್ದೇ ಮಾಡದೆ ಕಚ್ಚಬಹುದು.

ಹಾಗಾಗಿ ಗುರ್ ಅಂದ ಕೂಡಲೇ ನಿಲ್ಲಿ. ದಿಟ್ಟಿಸಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ‘ಹಿಂದೆ ಸರಿದರೆ ತಲೆ ಮೇಲೆ ಕೂರುತ್ತೆ, ಯಜಮಾನ ಯಾರು ಅಂತ ತೋರಿಸಬೇಕು’ ಅನ್ನುವವರು ಇದ್ದೇ ಇರುತ್ತಾರೆ. ಆ ಮಾತಿನ ಬೇರು ಇರುವುದು ತೋಳಗಳಲ್ಲಿ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ರುಡಾಲ್ಫ್ ಶೆಂಕೆಲ್ 1947ರಲ್ಲಿ, ಕೂಡಿಹಾಕಿದ್ದ ತೋಳಗಳು ಯಜಮಾನಿಕೆಗಾಗಿ ಪೈಪೋಟಿ ಮಾಡುವುದನ್ನು ನೋಡಿ ಬರೆದದ್ದು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲಿ ತೋರಿಸಿದರು. ನಮ್ಮಲ್ಲಿ ಮಾತ್ರ ಹಳೆಯ ಮಾತೇ ಉಳಿದಿದೆ.

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ತರಬೇತಿ ಆಮೇಲೆ, ಮೊದಲು ಪಶುವೈದ್ಯರು. ಕಿವಿ ಸೋಂಕು, ಹಲ್ಲುನೋವು, ಕೀಲುನೋವು ಎಷ್ಟೋ ಸಲ ಹೊರಗೆ ಕಾಣುವುದಿಲ್ಲ. ನೋಯುವ ಜಾಗ ಮುಟ್ಟಿದರೆ ಯಾರಾದರೂ ಸಿಡುಕುತ್ತಾರೆ.

ಇನ್ನು ಕಣ್ಣು ಪಳಗಬೇಕು. ಗುರುಗುಟ್ಟುವ ಮುಂಚೆಯೇ ನಾಯಿ ತುಂಬ ಹೇಳಿರುತ್ತದೆ. ಮುಖ ಆಚೆ ತಿರುಗಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿ ಕಂಡು, ಮೈ ಮರದಂತೆ ಬಿಗಿಯಾಯಿತೆಂದರೆ ಹೊತ್ತು ಕಡಿಮೆ. ಬಾಲ ಅಲ್ಲಾಡುತ್ತಿದೆಯಲ್ಲ ಎಂದು ನಂಬಬೇಡಿ. ಮೇಲೆತ್ತಿ ಸೆಟೆದ ಬಾಲವೂ ಅಲ್ಲಾಡುತ್ತದೆ. ಮಕ್ಕಳು ತಬ್ಬಿಕೊಂಡ ಫೋಟೊಗಳಲ್ಲಿ ಒಮ್ಮೆ ನಾಯಿಯ ಮುಖ ನೋಡಿ, ಗೊತ್ತಾಗುತ್ತದೆ.

ಬಟ್ಟಲಿನ ವಿಷಯಕ್ಕೆ ಬರೋಣ. ತಿನ್ನುವಾಗ ಕೈ ಹಾಕಿ ‘ಅಭ್ಯಾಸ’ ಮಾಡಿಸುವುದು ಸುಮ್ನೆ ರೇಗಿಸಿದ ಹಾಗೆ. ಅದು ಬಿಗಿಯಾಗದಷ್ಟು ದೂರದಲ್ಲಿ ನಿಂತು, ಬಟ್ಟಲಿನಲ್ಲಿರುವುದಕ್ಕಿಂತ ರುಚಿಯಾದ ಒಂದು ತುಣುಕು ಎಸೆದು ಹೊರಟುಬಿಡಿ. ಅಷ್ಟೇ. ನಿಮ್ಮನ್ನು ಕಂಡ ಕೂಡಲೇ ಮೈ ಸಡಿಲಬಿಟ್ಟು, ಏನು ಬರುತ್ತದೋ ಎಂದು ತಲೆಯೆತ್ತುವ ತನಕ ದಿನವೂ ಹೀಗೇ ಮಾಡಿ. ಆಮೇಲೆ ಒಂದು ಹೆಜ್ಜೆ ಹತ್ತಿರ. ಮತ್ತೆ ಬಿಗಿಯಾಯಿತೇ? ಅವಸರ ಮಾಡಿದ್ದು ನೀವು, ಎರಡು ಹೆಜ್ಜೆ ಹಿಂದೆ ಹೋಗಿ. ವಾರಗಳೇ ಹಿಡಿಯಬಹುದು. ಕದ್ದ ಕಾಲುಚೀಲಕ್ಕೂ ಇದೇ ವ್ಯಾಪಾರ: ಅಟ್ಟಿಸಿಕೊಂಡು ಹೋಗಬೇಡಿ, ಏನಾದರೂ ಕೊಟ್ಟು ಬಿಡಿಸಿಕೊಳ್ಳಿ.

ಈ ಪಾಠ ದೊಡ್ಡವರಿಗೆ ಮಾತ್ರ. ಪುಟ್ಟ ಮಕ್ಕಳನ್ನೂ ನಾಯಿಯನ್ನೂ ಇಬ್ಬರನ್ನೇ ಬಿಡಬೇಡಿ. ಊಟದ ಹೊತ್ತಿಗೆ ನಡುವೆ ಬಾಗಿಲು ಇರಲಿ.

ಈಗಾಗಲೇ ಕಚ್ಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ವೈದ್ಯರ ಬಳಿ ಹೋಗಿ. ರೇಬೀಸ್ ಲಸಿಕೆ ಬೇಕೇ ಎಂದು ಅವರೇ ಹೇಳಲಿ. ಅಂಥ ನಾಯಿಯನ್ನು ನೀವೇ ತಿದ್ದಲು ಹೋಗಬೇಡಿ. ಪಶುವೈದ್ಯರ ಮೂಲಕ ನಾಯಿಗಳ ನಡವಳಿಕೆ ಬಲ್ಲವರನ್ನು ಹುಡುಕಿ. ಯಾವಾಗ, ಎಲ್ಲಿ, ಯಾರಿಗೆ ಕಚ್ಚಿತು, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.