ಉಪ್ಪು ಹಿಟ್ಟಿನ ಅಂಗೈ ಅಚ್ಚು ಬಿರುಕು ಬಿಡದಂತೆ ಮಾಡಿದ್ದು

ಮೂರು ವರ್ಷದ ಮಗಳ ಅಂಗೈ ಅಚ್ಚನ್ನು ಉಪ್ಪು ಬೆರೆಸಿದ ಹಿಟ್ಟಿನಲ್ಲಿ ಒತ್ತಿಸಿದ್ದೆ. ಓವನ್‌ನಿಂದ ತೆಗೆದರೆ ನಡುವೆ ಉಬ್ಬಿತ್ತು, ಹೆಬ್ಬೆರಳಿನಿಂದ ಅಂಚಿನವರೆಗೆ ಬಿರುಕು. "ಅಮ್ಮಾ, ನನ್ನ ಕೈಗೆ ಗಾಯ ಆಯ್ತಾ?" ಅಂದಳು. ತುಂಬಾ ಬೇಜಾರಾಯಿತು.

ತಪ್ಪು ಶಾಖದ್ದು. ಬೇಗ ಆಗಲಿ ಅಂತ 180 ಡಿಗ್ರಿ ಇಟ್ಟಿದ್ದೆ. ಮೇಲ್ಪದರ ಮೊದಲೇ ಗಟ್ಟಿಯಾಯಿತು, ಒಳಗಿನ ತೇವ ಆವಿಯಾಗಿ ಹೊರಬರಲು ದಾರಿ ಸಿಗಲಿಲ್ಲ. ಇದನ್ನು ಬೇಯಿಸಬಾರದು, ನಿಧಾನವಾಗಿ ಒಣಗಿಸಬೇಕು ಅಷ್ಟೇ.

ಎರಡನೇ ಸಲ 2 ಕಪ್ ಮೈದಾ, 1 ಕಪ್ ಪುಡಿ ಉಪ್ಪು ತೆಗೆದುಕೊಂಡೆ. ಕಲ್ಲುಪ್ಪು ಬೇಡ, ಹರಳು ಕರಗದೆ ಮೈ ತರಿತರಿಯಾಗುತ್ತದೆ. ನೀರನ್ನು ಮುಕ್ಕಾಲು ಕಪ್‌ನಿಂದ ಶುರು ಮಾಡಿ, ಬೇಕಾದಷ್ಟೇ ಚೂರುಚೂರು ಸೇರಿಸಿದೆ. 10 ನಿಮಿಷ ಇಬ್ಬರೂ ಸೇರಿ ನಾದಿದೆವು. ಅವಳಿಗೆ ಅದೇ ಜಾಸ್ತಿ ಇಷ್ಟ! ಹಿಟ್ಟು ಬೆರಳಿಗೆ ಅಂಟಬಾರದು, ಮಡಿಸಿದರೆ ಅಂಚು ಸೀಳಬಾರದು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, 100 ಡಿಗ್ರಿಯಲ್ಲಿ 3 ಗಂಟೆ ಇಟ್ಟೆ. ನಡುವೆ ಒಮ್ಮೆ ತಿರುವಿ ಹಾಕಿದೆ. ಬಿರುಕಿಲ್ಲ!

ಪೂರ್ತಿ ಆರಿದ ಮೇಲೆ ಬಣ್ಣ ಬಳಿದಳು. ಉಪ್ಪು ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದಲ್ವಾ, ಅದಕ್ಕೆ ಎರಡೂ ಬದಿಗೆ ವಾರ್ನಿಷ್ ನಾನೇ ಹಚ್ಚಿದೆ.

ಒಂದು ಮಾತು ಮರೆಯಬೇಡಿ. ಈ ಹಿಟ್ಟನ್ನು ಮಕ್ಕಳು ನುಂಗದಂತೆ ಪಕ್ಕದಲ್ಲೇ ಕೂತಿರಿ. ನಾಯಿ ತಿಂದರಂತೂ ಅಷ್ಟು ಉಪ್ಪು ಜೀವಕ್ಕೇ ಅಪಾಯ.

ಈಗ ದಿನಾ ಅಚ್ಚಿನ ಮೇಲೆ ಕೈಯಿಟ್ಟು ನೋಡುತ್ತಾಳೆ, ಬೆಳೆದಿದ್ದೀನಾ ಅಂತ.