ಉತ್ತರ ಆಮೇಲೆ, ಮೊದಲು ಅವರ ಮಾತು: ನನ್ನ ಅನುಭವ

"ಜೀವ ಉಳಿಸೋ ಕೆಲಸ ಬಿಟ್ಟು ಕೂತು ಕೇಳಿಸಿಕೊಳ್ತಾ ಇದ್ದೀರಲ್ಲ" ಅಂತ ನನ್ನನ್ನು ಆಡಿಕೊಂಡವರು ಕಡಿಮೆ ಇರಲಿಲ್ಲ. ಈಗ ಅವರಲ್ಲೇ ಕೆಲವರು ನನ್ನ ಮೀಟಿಂಗ್ ಶೀಟಿನ ನಕಲು ಕೇಳುತ್ತಾರೆ. ಹಾಗಾಗಿ ಬರೆದೇಬಿಡೋಣ ಅಂತ ಕೂತೆ. ನಾನು ಮಾಡುವುದು ನೀರು ಮತ್ತು ಶೌಚಾಲಯದ ಕ್ಲಸ್ಟರ್ ನಡೆಸುವ ಕೆಲಸ. ಕ್ಲಸ್ಟರ್ ಅಂದರೆ ಭೂಕಂಪ, ಯುದ್ಧದಂಥ ತುರ್ತಿನಲ್ಲಿ ಒಂದೇ ಬಗೆಯ ನೆರವು ಕೊಡುವ ಸಂಸ್ಥೆಗಳನ್ನು ಒಟ್ಟಿಗೆ ಕೂರಿಸಿ ಕೆಲಸ ಹೊಂದಿಸುವ ವ್ಯವಸ್ಥೆ. 2005ರಿಂದ ಈ ವ್ಯವಸ್ಥೆ ಇದೆ. ಅಂದಿನಿಂದಲೂ ಕೋಆರ್ಡಿನೇಟರ್ ಕೈಯಲ್ಲಿ ಹೊಣೆ ಇದೆ, ಅಧಿಕಾರ ಇಲ್ಲ. ಯಾವ ಸಂಸ್ಥೆಗೂ "ಇದನ್ನು ಮಾಡು" ಅನ್ನುವ ಹಾಗಿಲ್ಲ. ಅವರ ದುಡ್ಡು ಬೇರೆ, ಬಾಸ್ ಬೇರೆ, ಡೋನರ್ ಬೇರೆ. ಉಳಿಯುವುದು ಕಿವಿ ಒಂದೇ.

ನನ್ನ ವಿಧಾನ ಇಷ್ಟೇ. ಯಾರಾದರೂ ಮಾತು ಮುಗಿಸಿದ ಮೇಲೆ, ಉತ್ತರ ಕೊಡುವ ಮೊದಲು, ಅವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳುತ್ತೇನೆ. "ಹೌದು, ಅದೇ" ಅಂತ ಅವರ ಬಾಯಿಂದ ಬರುವ ತನಕ ಮುಂದಿನ ವಿಷಯಕ್ಕೆ ಹೋಗಲ್ಲ. ಆಮೇಲೆ ಅದನ್ನು ಎಲ್ಲರಿಗೂ ಕಾಣುವ ಶೀಟಿನಲ್ಲಿ ಬರೆಯುತ್ತೇನೆ. ಒಂದು ಕಾಲಮ್ "ಕೇಳಿದ್ದು", ಇನ್ನೊಂದು "ಆದದ್ದು". ಇದರಲ್ಲಿ ಹೊಸದೇನಿದೆ ಅಂತೀರಾ? ಏನೂ ಇಲ್ಲ. ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನಲವತ್ತು ಜನ ಕೂತ ಕೋಣೆಯಲ್ಲಿ, ಟೈಮ್ ಮೀರುತ್ತಿರುವಾಗ ಮಾಡಿದವರನ್ನು ಮಾತ್ರ ನಾನು ಹೆಚ್ಚು ನೋಡಿಲ್ಲ.

ಇಲ್ಲಿಗೆ ಬರುವ ಮೊದಲು ದುಡ್ಡು ಸಾಕಷ್ಟು ಸುರಿದೆವು. ಮೊದಲು ಹೊರಗಿನಿಂದ ತರಬೇತುದಾರರನ್ನು ಕರೆಸಿದೆವು. ಎರಡು ದಿನದ ಕಾರ್ಯಾಗಾರಕ್ಕೆ ಆ ವರ್ಷದ ಸಮನ್ವಯದ ಹಣದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮುಂದೆ ಬಾಗಿ ಕೂರಿ, ತಲೆ ಆಡಿಸಿ ಅಂತ ಕಲಿಸಿದರು. ಮುಂದಿನ ಮೀಟಿಂಗಿನಲ್ಲಿ ಎಲ್ಲರೂ ಕೋಲೆ ಬಸವನ ಹಾಗೆ ತಲೆ ಆಡಿಸಿದರು. ಹಾದಿ ಮಾತ್ರ ಹಳೆಯದೇ.

ಆಮೇಲೆ ದೊಡ್ಡ ಆನ್‌ಲೈನ್ ಫಾರ್ಮ್. ಯಾರು, ಎಲ್ಲಿ, ಏನು, ಯಾವಾಗ, ಯಾರಿಗೆ ಅಂತ ನಲವತ್ತಕ್ಕೂ ಜಾಸ್ತಿ ಕಾಲಮ್. ಕನ್ಸಲ್ಟೆಂಟ್ ಫೀಸು, ಟ್ಯಾಬ್ಲೆಟ್‌ಗಳು, ಸರ್ವರ್ ಬಾಡಿಗೆ. ದೊಡ್ಡ ಸಂಸ್ಥೆಗಳು ತುಂಬಿದವು, ಯಾಕಂದರೆ ಅವರ ಬಳಿ ತುಂಬಲಿಕ್ಕೇ ಜನ ಇದ್ದಾರೆ. ಸಣ್ಣ ಗುಂಪುಗಳು ಖಾಲಿ ಕಳಿಸಿದವು, ಇಲ್ಲವೇ ಹಿಂದಿನ ತಿಂಗಳದ್ದನ್ನೇ ನಕಲು ಹೊಡೆದು ಕಳಿಸಿದವು. ದೂರಿನ ಪೆಟ್ಟಿಗೆ ಇಟ್ಟೆವು. ತೆರೆದಾಗ ಹೆಚ್ಚಾಗಿ ಬಿಸ್ಕತ್ತಿನ ಕಾಗದ ಸಿಕ್ಕಿತು. ಮೀಟಿಂಗನ್ನು ರೆಕಾರ್ಡ್ ಮಾಡಿ ನೋಡಿದೆವು. ಮೈಕ್ ಕಂಡ ಕೂಡಲೇ ಜನ ಪತ್ರಿಕಾ ಹೇಳಿಕೆ ಕೊಡುವ ಹಾಗೆ ಮಾತಾಡತೊಡಗಿದರು. ಬರಹಕ್ಕಿಳಿಸಿದ ಪುಟಗಳನ್ನು ಯಾರೂ ಓದಲಿಲ್ಲ. ಯಾರು ಏನಂದರು ಎಂಬುದು ತಪ್ಪು ಕೈಗೆ ಸಿಕ್ಕರೆ ಅವರಿಗೇ ಅಪಾಯ, ಆ ಚಿಂತೆ ಬೇರೆ. ಅದನ್ನೂ ನಿಲ್ಲಿಸಿದೆವು.

ವಿಧಾನ ಕೈ ಹಿಡಿದದ್ದು ಒಂದು ಸಣ್ಣ ಗುಂಪಿನ ಮಾತಿನಿಂದ. ಬೆಟ್ಟದ ಕಡೆಯ ಶಿಬಿರ ನೋಡಿಕೊಳ್ಳುವ ಹೆಂಗಸು, ಸುಮ್ನೆ ಕೂತಿದ್ದವರು, ಸರದಿ ಬಂದಾಗ ಹೇಳಿದರು: "ನಮ್ಮ ಕಡೆ ನೀರು ಸಾಕು." ಹಿಂದೆ ಆಗಿದ್ದರೆ ತೊಂದರೆ ಇಲ್ಲ ಅಂತ ಹಸಿರು ಬಣ್ಣ ಹಚ್ಚಿ ಮುಂದೆ ಹೋಗುತ್ತಿದ್ದೆವು. ನಾನು ತಿರುಗಿ ಕೇಳಿದೆ.

"ನೀರು ಸಾಕು ಅಂದರೆ, ಒಬ್ಬೊಬ್ಬರಿಗೂ ದಿನಕ್ಕೆ 15 ಲೀಟರ್ ಸಿಗ್ತಾ ಇದೆ ಅಂತ ತಿಳಿಯಲಾ?"

"ಅಲ್ಲ ಅಲ್ಲ. ಟ್ಯಾಂಕರ್ ಬರುತ್ತೆ. ಟ್ಯಾಂಕ್‌ನಲ್ಲಿ ನೀರು ಉಳಿಯುತ್ತೆ."

"ಉಳಿಯುತ್ತೆ, ಅಂದರೆ ಜನ ತಗೊಳ್ತಾ ಇಲ್ಲ?"

"ಯಾವುದರಲ್ಲಿ ತಗೊಳ್ತಾರೆ? ಮನೆಗೊಂದು ಕ್ಯಾನೂ ಇಲ್ಲ."

ನೀರಿದೆ, ಒಯ್ಯಲು ಪಾತ್ರೆ ಇಲ್ಲ ಅಂತಾನಾ ಅಂದೆ. "ಹೌದು, ಅದೇ" ಅಂದರು. ನೆರವು ಕನಿಷ್ಠ ಎಷ್ಟಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಸ್ಫಿಯರ್ ಕೈಪಿಡಿ ಪ್ರಕಾರ ಒಂದು ಮನೆಗೆ ಕನಿಷ್ಠ ಎರಡು ಪಾತ್ರೆ ಬೇಕು, 10ರಿಂದ 20 ಲೀಟರಿನವು, ಒಂದು ತರಲು, ಒಂದು ಇಡಲು. ಇದು ನಮಗೆಲ್ಲ ಬಾಯಿಪಾಠ. ಆದರೂ ಟ್ಯಾಂಕರ್ ಎಷ್ಟು ಲೀಟರ್ ಸುರಿಯಿತು ಅಂತ ಲೆಕ್ಕ ಇಟ್ಟೆವೇ ಹೊರತು ಮನೆಗೆ ಎಷ್ಟು ಮುಟ್ಟಿತು ಅಂತ ಅಲ್ಲ. ಟ್ಯಾಂಕರ್ ನೀರಿನಷ್ಟು ದುಡ್ಡು ತಿನ್ನುವ ಕೆಲಸ ನಮ್ಮಲ್ಲಿ ಬೇರೆ ಇಲ್ಲ. ಆ ಕಡೆಯ ಟ್ರಿಪ್ಪುಗಳನ್ನು ಮೂರರಲ್ಲಿ ಒಂದು ಭಾಗದಷ್ಟು ಇಳಿಸಿ, ಆ ಹಣದಲ್ಲಿ ಜೆರಿಕ್ಯಾನ್ ಕೊಂಡೆವು. ಎರಡು-ಮೂರು ವಾರದಲ್ಲಿ ಕ್ಯಾನಿನ ಖರ್ಚು ವಾಪಸ್ ಬಂತು. ಲಾಜಿಸ್ಟಿಕ್ಸ್ ನೋಡುವ ಹಿರಿಯರು ಬಿಲ್ ನೋಡಿ, "ಇದು ಕೇಳಿಸಿಕೊಂಡಿದ್ದರಿಂದ ಬಂತಾ?" ಅಂದರು. ಹೌದು ಸ್ವಾಮಿ.

ಇದಾದ ಮೇಲೆ ಗೀಳು ಹತ್ತಿತು. ಒಬ್ಬ ಸಹೋದ್ಯೋಗಿಯನ್ನು ಮೂಲೆಯಲ್ಲಿ ಕೂರಿಸಿ, ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಗೀಟು ಹಾಕಿಸಿದೆ. ಮೀಟಿಂಗಿನ ಅರ್ಧಕ್ಕೂ ಜಾಸ್ತಿ ಹೊತ್ತು ನನ್ನದು ಮತ್ತು ಮೂರು ದೊಡ್ಡ ಸಂಸ್ಥೆಗಳದ್ದು. ಸರದಿಯನ್ನೇ ತಿರುಗಿಸಿದೆ. ಬಜೆಟ್ ಸಣ್ಣದಿರುವವರು ಮೊದಲು, ದೊಡ್ಡವರು ಆಮೇಲೆ, ನಾನು ಕಟ್ಟಕಡೆಗೆ. ದೊಡ್ಡವರಿಗೆ ಇದು ಹಿಡಿಸಲಿಲ್ಲ. ಆದರೆ ಮೊದಲು ಒಂದೂವರೆ ಗಂಟೆ ಹಿಡಿಯುತ್ತಿದ್ದ ಮೀಟಿಂಗ್ ಈಗ ಮುಕ್ಕಾಲು ಗಂಟೆ ಚಿಲ್ಲರೆಗೆ ಮುಗಿಯುತ್ತದೆ. ತಿರುಗಿ ಹೇಳುತ್ತಾ ಕೂತರೆ ಲೇಟಾಗುತ್ತೆ ಅನ್ನುವವರಿಗೆ ನನ್ನ ಉತ್ತರ ಇದೇ. ಅದೇ ಮಾತು ಮೂರು ಸಲ ಏಳುವುದು ನಿಂತರೆ ಟೈಮ್ ತಾನಾಗಿ ಉಳಿಯುತ್ತದೆ. ಯಾರು ಎಲ್ಲಿ ಕೂರಬೇಕು ಅನ್ನುವುದರಲ್ಲೂ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಭಾಷೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 2010ರ ಹೈಟಿ ಭೂಕಂಪದ ನಂತರ ಸಮನ್ವಯದ ಸಭೆಗಳು ವಿಶ್ವಸಂಸ್ಥೆಯ ಕಾಂಪೌಂಡಿನೊಳಗೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು. ಅಲ್ಲಿನ ಜನರ ಮಾತು ಕ್ರಿಯೋಲ್. ಸ್ಥಳೀಯ ಸಂಸ್ಥೆಗಳಿಗೆ ಗೇಟು ದಾಟುವುದೇ ಕಷ್ಟ, ದಾಟಿದರೂ ಮಾತು ತಿಳಿಯದು. ಇಷ್ಟೆಲ್ಲ ಆದ ಮೇಲೂ ನಮ್ಮ ಬಜೆಟ್ಟಿನಲ್ಲಿ ಭಾಷಾಂತರಕ್ಕೆ ಒಂದು ಸಾಲೂ ಇರಲಿಲ್ಲ. ಡ್ರೈವರ್‌ಗಳನ್ನೇ ಕರೆದು "ಸ್ವಲ್ಪ ಹೇಳಪ್ಪ" ಅನ್ನುವುದು ರೂಢಿ. ಅವರು ಹತ್ತು ವಾಕ್ಯವನ್ನು ಎರಡು ಮಾಡುತ್ತಾರೆ, ಬೈಗುಳ ಇದ್ದರೆ ನುಂಗಿಬಿಡುತ್ತಾರೆ. ಹಾಲ್ ಬಾಡಿಗೆ ಉಳಿಸಲು ಮೀಟಿಂಗನ್ನು ಸ್ಥಳೀಯ ಗುಂಪೊಂದರ ಗೋದಾಮಿಗೆ ಸಾಗಿಸಿದೆ. ಆ ಹಣದಲ್ಲಿ ಇಬ್ಬರು ಭಾಷಾಂತರಕಾರರನ್ನು ಗಂಟೆ ಲೆಕ್ಕದಲ್ಲಿ ಇಟ್ಟೆ. ನಾನು ತಿರುಗಿ ಹೇಳಿದ್ದನ್ನೂ ಅವರು ತಿರುಗಿಸಬೇಕು, ಹೀಗಾಗಿ ತಪ್ಪು ಎರಡೆರಡು ಸಲ ಜರಡಿ ಹಿಡಿದಂತಾಗುತ್ತದೆ.

ಸುಮ್ಮನಿರುವುದರ ಪ್ರಯೋಗವೂ ಮಾಡಿದೆ. ಸಾಮಾನ್ಯ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು ಇರುತ್ತದಂತೆ. ಶಾಲೆಯ ಮೇಷ್ಟ್ರುಗಳು ಪ್ರಶ್ನೆ ಕೇಳಿ 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ 1970ರ ದಶಕದಲ್ಲೇ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. ನಾನು ಮೇಜಿನ ಕೆಳಗೆ ಬೆರಳು ಮಡಚುತ್ತಾ ಐದು ಎಣಿಸುತ್ತೇನೆ. ಮೂರನೇ ಬೆರಳಿಗೆ ಯಾರಾದರೂ "ಇನ್ನೊಂದು ವಿಷಯ..." ಅನ್ನುತ್ತಾರೆ. ಕೆಲಸದ ಮಾತು ಬರುವುದೇ ಅಲ್ಲಿ. ಫೋನಿನಲ್ಲಿ ಮಾತ್ರ ಇದು ನಡೆಯಲ್ಲ. ಲೈನ್ ಕಟ್ ಆಯಿತು ಅಂದುಕೊಂಡು ಇಟ್ಟುಬಿಡುತ್ತಾರೆ.

ಜಗಳಕ್ಕೂ ಇದೇ ಮದ್ದು. ಕ್ಲಸ್ಟರಿನ ಎರಡು ಸಂಸ್ಥೆಯವರು ಒಂದೇ ಶಿಬಿರದ ಶೌಚಾಲಯಗಳ ಮೇಲೆ ಕಿತ್ತಾಡುತ್ತಿದ್ದರು. ಒಬ್ಬರದು 50 ಜನಕ್ಕೆ ಒಂದು ಸಾಕು, ಇನ್ನೊಬ್ಬರದು 20ಕ್ಕೆ ಒಂದು ಬೇಕು. ನಿಮ್ಮ ವಾದ ಬೇಡ, ಎದುರಿನವರ ವಾದವನ್ನು ಅವರು ಒಪ್ಪುವ ಹಾಗೆ ಹೇಳಿ ಅಂದೆ. ಮೊದಲ ಸಲ ಇಬ್ಬರೂ ವ್ಯಂಗ್ಯ ಮಾಡಿದರು. ನಾಲ್ಕನೇ ಸಲಕ್ಕೆ ದಾರಿಗೆ ಬಂದರು. ನೋಡಿದರೆ ಇಬ್ಬರೂ ಓದಿದ್ದು ಒಂದೇ ಕೈಪಿಡಿ. ತುರ್ತಿನ ಮೊದಲ ಹಂತಕ್ಕೆ 50, ಆದಷ್ಟು ಬೇಗ 20ಕ್ಕೆ ಇಳಿಸಬೇಕು. ಒಬ್ಬರು ಶಿಬಿರವನ್ನು ಹೊಸದು ಅಂತ ಎಣಿಸುತ್ತಿದ್ದರು, ಇನ್ನೊಬ್ಬರು ಹಳತಾಯಿತು ಅಂತ. ಆ ತಿಂಗಳು ಯಾರು ಎಷ್ಟು ಕಟ್ಟಬೇಕು ಅನ್ನುವುದು ಹತ್ತು ನಿಮಿಷದಲ್ಲಿ ಬಗೆಹರಿಯಿತು.

ಪಕ್ಕದಲ್ಲಿ ನಡೆಸಿದ ಇನ್ನೊಂದು ಪ್ರಯೋಗ ವಾಯ್ಸ್ ಮೆಸೇಜ್. ಫಾರ್ಮ್ ತುಂಬದವರಿಗೆ, ವಾರಕ್ಕೊಮ್ಮೆ ಎರಡು ನಿಮಿಷ ಮಾತಾಡಿ ಕಳಿಸಿ ಅಂದೆ. ಯಾರ ಹೆಸರೂ ಹೇಳಬೇಡಿ ಅನ್ನುವುದೊಂದೇ ಷರತ್ತು. ಮೊದಲ ವಾರವೇ ಡಬ್ಬಿ ತುಂಬಿತು. ಕೆಲವರು ಎರಡು ನಿಮಿಷ ಅಂದರೆ ಹನ್ನೊಂದು ಕಳಿಸುತ್ತಾರೆ, ಕೋಳಿ ಕೂಗುವುದೂ ಕೇಳುತ್ತದೆ. ಇರಲಿ. ಕೇಳಿ, ಒಂದೇ ಸಾಲಿನಲ್ಲಿ ಬರೆದು, "ಇದೇನಾ ನೀವಂದದ್ದು?" ಅಂತ ವಾಪಸ್ ಕಳಿಸುತ್ತೇನೆ.

ವಿಧಾನ ಕೈಕೊಡುವ ಜಾಗಗಳೂ ಇವೆ. ಒಂದು, ದುಡ್ಡು ಕೊಡುವವರು ಕೋಣೆಯಲ್ಲಿದ್ದಾಗ. ದೊಡ್ಡ ಸಂಸ್ಥೆಯಿಂದ ಉಪ-ಗುತ್ತಿಗೆ ಪಡೆದ ಸಣ್ಣ ಗುಂಪು, ಬಜೆಟ್ಟಿಗೆ ಸಹಿ ಹಾಕುವವರ ಎದುರು "ಹೌದು, ಅದೇ" ಅನ್ನದೆ ಇನ್ನೇನು ಅಂದೀತು? ಡೋನರ್‌ಗಳು ಮತ್ತು ನೆರವು ಸಂಸ್ಥೆಗಳು ಮಾಡಿಕೊಂಡ 2016ರ ಗ್ರ್ಯಾಂಡ್ ಬಾರ್ಗೇನ್ ಒಪ್ಪಂದದಲ್ಲಿ 2020ರ ಹೊತ್ತಿಗೆ 25 ಶೇಕಡಾ ಹಣ ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಸಿಗಬೇಕು ಅಂತ ಗುರಿ ಇಟ್ಟಿದ್ದರು. ಆ ಗುರಿ ಮುಟ್ಟಲಿಲ್ಲ, ಹಾಗಾಗಿ ಈ ಹೆದರಿಕೆಯೂ ಹೋಗಿಲ್ಲ. ಸಹಿ ಹಾಕುವವರಿಲ್ಲದೆ ಬೇರೆ ಸಲ ಕೂರುವುದೊಂದೇ ನನಗೆ ಕಂಡ ದಾರಿ. ಎರಡು, ಲೈಂಗಿಕ ಶೋಷಣೆಯ ದೂರು. ಯಾರಾದರೂ ಆ ಮಾತು ಎತ್ತಿದರೆ ತಿರುಗಿ ಹೇಳುವುದು, ವಿವರ ಕೆದಕುವುದು ಎಲ್ಲ ಬಂದ್. ಪಕ್ಕಕ್ಕೆ ಕರೆದು, ಎಷ್ಟು ಹೇಳುತ್ತಾರೋ ಅಷ್ಟು ಕೇಳಿ, ಅದಕ್ಕೆಂದೇ ಇರುವ ಜವಾಬ್ದಾರರಿಗೆ ಮುಟ್ಟಿಸಬೇಕು. ತನಿಖೆ ನಮ್ಮ ಕೆಲಸ ಅಲ್ಲ. ಶೀಟಿನಲ್ಲೂ ಅದು ಬರಕೂಡದು.

ಶೀಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಆದದ್ದು" ಕಾಲಮ್ ಎರಡು ವಾರ ಖಾಲಿ ಇದ್ದರೆ ಜನ ಮಾತಾಡುವುದು ನಿಲ್ಲಿಸುತ್ತಾರೆ, ಮೂರನೇ ವಾರ ಬರುವುದನ್ನೇ ನಿಲ್ಲಿಸುತ್ತಾರೆ. ಆಗದ ಕೆಲಸಕ್ಕೆ "ಆಗಲ್ಲ, ದುಡ್ಡಿಲ್ಲ" ಅಂತಲೇ ಬರೆಯುತ್ತೇನೆ. ಅದಕ್ಕೆ ಯಾರೂ ಸಿಟ್ಟಾಗಿಲ್ಲ, "ಪರಿಶೀಲನೆಯಲ್ಲಿದೆ" ಅಂದಾಗ ಸಿಟ್ಟಾಗಿದ್ದಾರೆ. ಮೀಟಿಂಗ್ ಮುಗಿಸುವ ಮುಂಚೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಶೀಟಿನ ಅರ್ಧ ತುಂಬುವುದೇ ಅದರಿಂದ. ಅದನ್ನು ಬರೆಯಲ್ಲ, ಬಂದು ಕೂತರೆ ಕೇಳಿಸುತ್ತದೆ. ಆರೋಗ್ಯ ಕ್ಲಸ್ಟರಿನವರು ಈಗಾಗಲೇ ಶೀಟನ್ನು ತಮ್ಮದು ಮಾಡಿಕೊಂಡಿದ್ದಾರೆ. ವಸತಿಯವರ ಜೊತೆ ಒಂದೇ ಶೀಟ್ ಇಡೋಣ ಅಂತ ಮಾತು ನಡೆದಿದೆ. ಅವರಿಗೆ ಇನ್ನೂ ನಲವತ್ತು ಕಾಲಮ್ ಬೇಕಂತೆ.